ಕುಕ್ಕರ್ ಸಿಡಿದ ದಿನ ಬರೆಸೋ ಹೇಳಿಕೆ

ಪೇಪರಿನ ಜಿಲ್ಲಾ ಪುಟದ ಮೂಲೇಲಿ ಆಗಾಗ ಒಂದು ಸಣ್ಣ ಸುದ್ದಿ ಬರುತ್ತೆ, ನೀವೂ ಓದಿರ್ತೀರ: ಕುಕ್ಕರ್ ಸಿಡಿದು ಮಹಿಳೆಗೆ ಗಾಯ. ಊರಿನ ಹೆಸರು, ಆಕೆ ಹೆಸರು, ವಯಸ್ಸು, ಗಂಡನ ಹೆಸರು, ಯಾವ ಆಸ್ಪತ್ರೆಗೆ ಸೇರಿಸಿದಾರೆ, ಯಾವ ಠಾಣೇಲಿ ದಾಖಲಾಗಿದೆ, ಎಲ್ಲಾ ಇರುತ್ತೆ. ಕುಕ್ಕರ್ ಯಾವ ಕಂಪನಿದು, ಎಷ್ಟು ವರ್ಷದ್ದು, ಐಎಸ್‌ಐ ಮಾರ್ಕ್ ಇತ್ತಾ ಇಲ್ವಾ, ಅದನ್ನ ಬರೆದಿದ್ದು ನಾನಂತೂ ಇವತ್ತಿನವರೆಗೂ ನೋಡಿಲ್ಲ. ಬೈಕಿಗೆ ಲಾರಿ ಗುದ್ದಿದ್ರೆ ಮೊದಲು ಲಾರಿ ನಂಬರ್ ಕೇಳ್ತೀವಿ, ಇಲ್ಲಿ ಯಾಕೆ ಯಾರೂ ಕೇಳಲ್ಲ ಅನ್ನೋದು ನನ್ನ ತಲೇಲಿ ಕೂತು ಸುಮಾರು ಕಾಲ ಆಯ್ತು. (ನೆಟ್ಟಲ್ಲಿ ‘ಕುಕ್ಕರ್ ಸ್ಫೋಟ’ ಅಂತ ಹುಡುಕಿದ್ರೆ 2022ರ ನವೆಂಬರಲ್ಲಿ ಮಂಗಳೂರಿನ ಆಟೋದಲ್ಲಿ ಆಗಿದ್ದೇ ಸಾಲುಸಾಲಾಗಿ ಬರುತ್ತೆ. ಅದು ಬಾಂಬ್, ಅದರ ಕಥೆ ಬೇರೆ. ದಿನಾ ಒಲೆ ಮೇಲೆ ಕೂರೋ ಕುಕ್ಕರ್ ಬಗ್ಗೆ ಓದ್ಬೇಕು ಅಂದ್ರೆ ತುಂಬಾ ಕೆಳಗೆ ಹೋಗ್ಬೇಕು.)

ನಮ್ಮನೇಲೂ ಒಂದು ಸಲ ಸಿಡೀತು. ಗಾಯ ಆಗಿದ್ದು ನಮ್ಮ ಅತ್ತಿಗೆಗೆ. ಆಮೇಲೆ ಹಾಸನದ ಗ್ರಾಹಕ ಆಯೋಗದವರೆಗೂ ಹೋದ್ವಿ. ಆ ಓಡಾಟದಲ್ಲಿ ನನಗೆ ಮನದಟ್ಟಾಗಿದ್ದು ಏನು ಅಂದ್ರೆ, ಇಂಥ ಕೇಸು ಆಯೋಗದ ಮೆಟ್ಟಿಲು ಹತ್ತೋಕೆ ಮುಂಚೇನೇ ಆಸ್ಪತ್ರೆ ಮಂಚದ ಪಕ್ಕ ಅರ್ಧ ಸೋತುಹೋಗಿರುತ್ತೆ, ಅದನ್ನ ಸೋಲಿಸೋರು ಮನೆಯವರೇ ಆಗಿರ್ತಾರೆ, ಅದೂ ಒಳ್ಳೇದಾಗಲಿ ಅಂತಾನೇ.

ಮಂಚದ ಪಕ್ಕ

ಬೆಳಿಗ್ಗೆ ತೊಗರಿಬೇಳೆ ಇಟ್ಟಿದ್ರು. ಮುಚ್ಚಳ ಹಾರಿ ಸಜ್ಜೆಗೆ ಬಡಿದು, ಬೇಳೆ ಎಲ್ಲಾ ಅತ್ತಿಗೆ ಮುಖ, ಕತ್ತು, ಬಲಗೈ ಮೇಲೆ. ಕುಕ್ಕರ್ ಒಳಗೆ ಒತ್ತಡ ಕಟ್ಟಿದಾಗ ಶಾಖ 120 ಡಿಗ್ರಿ ಹತ್ರ ಇರುತ್ತೆ, ಬರೀ ನೀರಾದ್ರೆ ಹರಿದುಹೋಗುತ್ತೆ, ಬೇಳೆ ಚರ್ಮಕ್ಕೆ ಅಂಟಿಕೊಂಡು ಅಲ್ಲೇ ಸುಡ್ತಾ ಇರುತ್ತೆ. ಅಣ್ಣ ಆಗ ಬಸ್‌ಸ್ಟ್ಯಾಂಡಿನ ಅಂಗಡೀಲಿದ್ದ, ದೊಡ್ಡಪ್ಪ ತೋಟಕ್ಕೆ ಹೋಗಿದ್ರು. ಪಕ್ಕದ ಮನೆಯವರೇ ಆಟೋ ಹತ್ತಿಸಿದ್ದು.

ಸಂಜೆ ವಾರ್ಡಿಗೆ ಠಾಣೆಯಿಂದ ಹೆಡ್ ಕಾನ್ಸ್‌ಟೇಬಲ್ ಬಂದ್ರು. ಸುಟ್ಟಗಾಯ ಅಂದ್ರೆ ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸು) ಅಂತ ಬರೆದು ಠಾಣೆಗೆ ತಿಳಿಸ್ತಾರಲ್ಲ, ಹಾಗೆ. ಅತ್ತಿಗೆಗೆ ಮದುವೆಯಾಗಿ ಏಳು ವರ್ಷ ತುಂಬಿರ್ಲಿಲ್ಲ. ಈ ಏಳು ವರ್ಷದ ಲೆಕ್ಕ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ. ಹೆಡ್ ಕಾನ್ಸ್‌ಟೇಬಲ್ ಒರಟೇನಲ್ಲ, ಸ್ಟೂಲ್ ಎಳ್ಕೊಂಡು ಕೂತು, ‘ಹೆಂಗಾಯ್ತಮ್ಮಾ?’ ಅಂತ ಮೆತ್ತಗೆ ಕೇಳಿದ್ರು. ಅತ್ತಿಗೆ ತುಟಿ ಬಿಚ್ಚೋಕೆ ಮುಂಚೆ ದೊಡ್ಡಪ್ಪ, ‘ಬೇಳೆ ಇಟ್ಟು ಮರೆತುಬಿಟ್ಟಿದ್ಲು ಸಾರ್, ವಿಷಲ್ ಕಡೆ ಗ್ಯಾನ ಇರ್ಲಿಲ್ಲ’ ಅಂದ್ರು. ತೋಟದಲ್ಲಿದ್ದ ಮನುಷ್ಯ. ಅಣ್ಣ ಹೂಂ ಅಂದ. ‘ಅಜಾಗರೂಕತೆಯಿಂದ ಅಂತ ಹಾಕ್ಲಾ ಹಂಗಾದ್ರೆ?’ ‘ಹಾಕಿ ಸಾರ್, ಯಾರ ಮೇಲೂ ಏನೂ ಇಲ್ಲ ನಮಗೆ.’ ಬಲಗೈಗೆ ಬ್ಯಾಂಡೇಜ್ ಇದ್ದಿದ್ರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡ್ರು. ಬಿಎ ಓದಿರೋ ಹೆಂಗಸು ನಮ್ಮ ಅತ್ತಿಗೆ. ಆ ಹಾಳೇಲಿ ಇದ್ದಿದ್ದು ಇಷ್ಟು: ‘ನಾನು ಅಡುಗೆ ಮಾಡುತ್ತಿರುವಾಗ ನನ್ನ ಅಜಾಗರೂಕತೆಯಿಂದ ಕುಕ್ಕರ್ ಸಿಡಿದು ಗಾಯವಾಗಿರುತ್ತದೆ. ಇದರಲ್ಲಿ ಯಾರ ಮೇಲೂ ಅನುಮಾನವಿರುವುದಿಲ್ಲ.’

ದೊಡ್ಡಪ್ಪನ್ನ ನಾನು ಕೆಟ್ಟೋರು ಅನ್ನಲ್ಲ. ಆ ವಾಕ್ಯದ ಹಿಂದೆ ದೊಡ್ಡ ಹೆದರಿಕೆ ಇದೆ, ಆ ಹೆದರಿಕೆಗೆ ಕಾರಣಾನೂ ಇದೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ‘ಸ್ಟವ್ ಸಿಡಿದು ಸೊಸೆ ಸಾವು’ ಅನ್ನೋ ಸುದ್ದಿ ಎಷ್ಟು ಬರ್ತಿತ್ತು ಅಂತ ಅಮ್ಮ ಈಗಲೂ ಹೇಳ್ತಾರೆ. ಅದರಲ್ಲಿ ಎಷ್ಟೋ ವರದಕ್ಷಿಣೆಗೆ ಹಚ್ಚಿದ ಬೆಂಕಿ. ಅದಕ್ಕೇ 1983ರಲ್ಲಿ ಸೊಸೆಗೆ ಹಿಂಸೆ ಕೊಟ್ರೆ ಶಿಕ್ಷೆ ಅನ್ನೋ 498ಎ ಸೆಕ್ಷನ್ ಬಂತು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಬಂತು, ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಸುಟ್ಟು ಸತ್ರೆ ಮನೆಯವರನ್ನ ಪ್ರಶ್ನೆ ಮಾಡೋ ಕಾನೂನು ಬಂತು. ಬರಲೇಬೇಕಿತ್ತು. ಪೊಲೀಸರು ಬಂದು ಕೇಳೋದು ಸರಿ, ಕೇಳ್ಲೇಬೇಕು. ಆದ್ರೆ ಇದರಿಂದ ಒಂದು ಏನಾಗಿದೆ ಅಂದ್ರೆ, ಹೆಂಗಸಿಗೆ ಸುಟ್ಟಗಾಯ ಆದ ತಕ್ಷಣ ಎರಡೇ ಸಾಧ್ಯತೆ ಉಳಿಯುತ್ತೆ, ಒಂದೋ ಮನೆಯವರು ಮಾಡಿದ್ದು, ಇಲ್ಲಾ ಅವಳೇ ಮಾಡ್ಕೊಂಡಿದ್ದು. ಆ ಪಾತ್ರೆ ಮಾಡಿದೋರು ಯಾರು ಅನ್ನೋ ಮೂರನೇದು ಆ ಹೊತ್ತಲ್ಲಿ ಯಾರ ತಲೇಗೂ ಬರಲ್ಲ. ಮನೆ ಮೇಲಿನ ಅನುಮಾನ ತಪ್ಪಿಸೋಕೆ ಅಂತ ತಪ್ಪನ್ನ ಅವಳ ಮೇಲೆ ಹಾಕ್ತಾರೆ, ಅದೇ ವಾಕ್ಯ ಮುಂದೆ ಹೋಗಿ ಕಂಪನಿಯನ್ನ ಕಾಪಾಡುತ್ತೆ. ಕೊಲೆನೂ ‘ಆಕಸ್ಮಿಕ’ದ ಹಿಂದೆ ಅಡಗುತ್ತೆ, ಕೆಟ್ಟ ವಾಲ್ವೂ ಅದರ ಹಿಂದೇನೇ ಅಡಗುತ್ತೆ.

ಮರೆವಿಗೇ ಇರೋ ವಾಲ್ವ್

ಅತ್ತಿಗೆ ಸರಿಯಾಗಿ ಮಾತಾಡೋ ಹಾಗಾದ ಮೇಲೆ ಹೇಳಿದ್ದು ಬೇರೇನೇ. ‘ಎರಡು ವಿಷಲ್ ಆಗಿತ್ತು ಕಣೇ, ಮೂರನೇದಕ್ಕೆ ಕಾಯ್ತಾ ಪಕ್ಕದಲ್ಲೇ ಬೀನ್ಸ್ ಹೆಚ್ತಾ ಇದ್ದೆ. ಬರ್ಲೇ ಇಲ್ಲ. ಆರಿಸೋಣ ಅಂತ ಕೈ ಚಾಚಿದೆ ಅಷ್ಟೆ.’ ಅಂದ್ರೆ ಮರೆತೇ ಇರ್ಲಿಲ್ಲ. ಅವಳನ್ನ ಅಲ್ಲಿವರೆಗೂ ಯಾರೂ ಕೇಳೇ ಇರ್ಲಿಲ್ಲ.

ಆದ್ರೆ ನಾನು ಹೇಳ್ಬೇಕು ಅಂದ್ಕೊಂಡಿರೋದು ಇನ್ನೂ ಮುಂದಿನ ಮಾತು. ಮರೆತೇ ಇದ್ಲು ಅಂತಾನೇ ಇಟ್ಕೊಳ್ಳಿ. ಏನೀಗ? ಕುಕ್ಕರ್ ಮುಚ್ಚಳ ಒಂದ್ಸಲ ಬೆಳಕಿಗೆ ಹಿಡಿದು ನೋಡಿ. ವಿಷಲ್ ಕೂರೋ ಕೊಳವೆ ಒಂದು. ಅದರ ಪಕ್ಕ ಗುಂಡಿ ಥರ ಸೇಫ್ಟಿ ವಾಲ್ವ್, ಅದರೊಳಗೆ ಬೇಗ ಕರಗೋ ಲೋಹ ತುಂಬಿರ್ತಾರೆ. ಬೇಳೆ ನೊರೆ ಉಕ್ಕಿ ಕೊಳವೆ ಕಟ್ಕೊಂಡ್ರೆ, ನೀರು ಬತ್ತಿ ಶಾಖ ಏರಿದ್ರೆ, ಆ ಲೋಹ ಕರಗಿ ಆವಿಗೆ ದಾರಿ ಬಿಡ್ಬೇಕು. ಕೆಲವು ಕುಕ್ಕರಲ್ಲಿ ಮುಚ್ಚಳದ ಅಂಚಲ್ಲಿ ಒಂದು ಸೀಳು ಬೇರೆ ಇರುತ್ತೆ, ಒತ್ತಡ ಜಾಸ್ತಿ ಆದ್ರೆ ಗ್ಯಾಸ್ಕೆಟ್ ಅಲ್ಲಿಂದ ಆಚೆ ತಳ್ಳಿಕೊಂಡು ಆವಿ ಹೋಗುತ್ತೆ. ಇದನ್ನೆಲ್ಲ ಯಾಕೆ ಇಟ್ರು? ಅಡುಗೆ ಮಾಡೋರು ಮರೀತಾರೆ ಅಂತ ಗೊತ್ತಿದ್ದೇ ಇಟ್ರು. ಮಗು ಅಳುತ್ತೆ, ಫೋನ್ ಬರುತ್ತೆ, ಹಾಲಿನವನು ಬೆಲ್ ಮಾಡ್ತಾನೆ. ಮರೆಯೋ ಮನುಷ್ಯರಿಗೆ ಅಂತಾನೇ ಮಾಡಿರೋ ಭಾಗ ಅದು. ಅದು ಕೆಲಸ ಮಾಡ್ದೇ ಮುಚ್ಚಳ ಹಾರಿದ್ರೆ, ಅವಳು ಮರೆತಿದ್ಲಾ ಅನ್ನೋ ಪ್ರಶ್ನೆಗೆ ಮೊದಲ ಜಾಗ ಕೊಡೋದು ಅನ್ಯಾಯ. ನಮ್ಮ ಕುಕ್ಕರಲ್ಲಿ ಮುಚ್ಚಳದ ಅಂಚು ಸೊಟ್ಟಗಾಗಿತ್ತು, ಸೇಫ್ಟಿ ವಾಲ್ವ್ ಮಾತ್ರ ಅಂಗಡಿಯಿಂದ ತಂದ ಹಾಗೇ ಗಟ್ಟಿಯಾಗಿ ಕೂತಿತ್ತು.

ಕಾನೂನು ಈ ಕಡೆಗೇ ಬಂದಿದೆ ಅನ್ನೋದು ಎಷ್ಟು ಜನಕ್ಕೆ ಗೊತ್ತೋ. 1986ರ ಗ್ರಾಹಕ ಕಾಯ್ದೆ ಎಲ್ಲರಿಗೂ ಗೊತ್ತು. ಅದರ ಜಾಗಕ್ಕೆ 2019ರ ಹೊಸ ಕಾಯ್ದೆ ಬಂದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಲ್ಲಿ ಆರನೇ ಅಧ್ಯಾಯ ಪೂರ್ತಿ ಇದಕ್ಕೇ, 82ರಿಂದ 87ನೇ ಸೆಕ್ಷನ್‌ವರೆಗೆ. ತಯಾರಕರು ಯಾವಾಗ ಹೊಣೆ ಅನ್ನೋದು 84ರಲ್ಲಿದೆ: ತಯಾರಿಕೇಲಿ ದೋಷ ಇದ್ರೆ, ವಿನ್ಯಾಸದಲ್ಲೇ ದೋಷ ಇದ್ರೆ, ಹೀಗೇ ಮಾಡ್ಬೇಕು ಅಂತ ಇರೋ ಅಳತೆ-ನಿಯಮ ಬಿಟ್ಟು ಮಾಡಿದ್ರೆ, ಕೊಟ್ಟ ಭರವಸೆಗೆ ತಕ್ಕ ಹಾಗೆ ಇಲ್ದಿದ್ರೆ, ಸರಿಯಾಗಿ ಬಳಸೋಕೆ ಬೇಕಾದ ಸೂಚನೆ, ಎಚ್ಚರಿಕೆ ಕೊಡದೇ ಇದ್ರೆ. ಕಂಪನಿ ಬೇಕಂತ ಮಾಡಿತಾ, ಅಸಡ್ಡೆಯಿಂದ ಮಾಡಿತಾ ಅಂತ ನಾವು ತೋರಿಸ್ಬೇಕು ಅಂತ ಆ ಪಟ್ಟೀಲಿ ಎಲ್ಲೂ ಇಲ್ಲ. ವಸ್ತು ಹೇಗಿತ್ತು ಅನ್ನೋದೇ ಪ್ರಶ್ನೆ. ಸೂಚನೆ ವಿಷಯ ನನಗೆ ತುಂಬಾ ಮುಖ್ಯ ಅನ್ಸುತ್ತೆ. ನಮ್ಮ ಕುಕ್ಕರ್ ಜೊತೆ ಬಂದ ಪುಸ್ತಕ ಇಂಗ್ಲಿಷು ಮತ್ತೆ ಹಿಂದೀಲಿತ್ತು. ಬೇಳೆ ಹಾಕುವಾಗ ಅರ್ಧಕ್ಕಿಂತ ಜಾಸ್ತಿ ತುಂಬ್ಬಾರ್ದು ಅನ್ನೋದು ಅದರೊಳಗೆಲ್ಲೋ ಇತ್ತು. ಅಮ್ಮನಂಥೋರು ಅದನ್ನ ಓದೋದು ಹೇಗೆ? ಓದೋಕಾಗದ ಭಾಷೇಲಿ ಕೊಟ್ಟ ಎಚ್ಚರಿಕೇನ ಎಚ್ಚರಿಕೆ ಅಂತ ಹೇಗೆ ಒಪ್ಪೋದು?

ಇನ್ನೊಂದು ಕಡೆ 87ನೇ ಸೆಕ್ಷನ್ ಇದೆ, ಅದನ್ನೂ ಹೇಳ್ಬೇಕು. ವಸ್ತುವನ್ನ ತಪ್ಪಾಗಿ ಬಳಸಿದ್ರೆ, ಬದಲಾಯಿಸಿದ್ರೆ ಮಾರಿದವರ ಮೇಲೆ ಕೇಸು ನಿಲ್ಲಲ್ಲ. ಯಾರಿಗಾದ್ರೂ ಗೊತ್ತಿರೋವಂಥ ಅಪಾಯಕ್ಕೆ ಎಚ್ಚರಿಕೆ ಕೊಟ್ಟಿಲ್ಲ ಅಂತ ತಯಾರಕರ ಮೇಲೆ ಹೋಗೋಕೂ ಆಗಲ್ಲ. ಸಂತೆಯಲ್ಲಿ ತಂದ ಡೂಪ್ಲಿಕೇಟ್ ಗ್ಯಾಸ್ಕೆಟ್ ಅನ್ನೋ ವಾದ ಇಲ್ಲೇ ಬರೋದು. ನಮಗೂ ಬಂತು.

ಕುಕ್ಕರ್ ಎಲ್ಲಿದೆ?

ಹಾಸನದ ವಕೀಲರೊಬ್ಬರು, ಹೆಂಗಸು, ನಮ್ಮ ಕಥೆ ಪೂರ್ತಿ ಕೇಳಿದ ಮೇಲೆ ಮೊದಲು ಕೇಳಿದ್ದು, ‘ಕುಕ್ಕರ್ ಎಲ್ಲಿದೆ?’ ಅಂತ. ಗಾಯ ಎಷ್ಟು, ಖರ್ಚು ಎಷ್ಟು, ಅದೆಲ್ಲ ಆಮೇಲೆ. ಇದ್ದಿದ್ದು ಅತ್ತಿಗೆ ಅಮ್ಮನ ಪುಣ್ಯ. ಸಿಡಿದ ಪಾತ್ರೆ ಮನೇಲಿದ್ರೆ ಅಪಶಕುನ ಅಂತ ಮಾರನೇ ದಿನ ನಮ್ಮನೆಯವರು ಗುಜರಿಯವನಿಗೆ ಹಾಕೋಕೆ ಹೊರಟಿದ್ರು. ಅವರು, ‘ನನ್ನ ಮಗಳ ಮುಖ ಸುಟ್ಟಿರೋದು ಇದು, ಕೊಡಲ್ಲ’ ಅಂತ ಹಠ ಹಿಡಿದು ಗೋಣಿಚೀಲದಲ್ಲಿ ಸುತ್ತಿ ತವರಿಗೆ ತಗೊಂಡು ಹೋಗಿದ್ರು. ಬೇಳೆ ಒಣಗಿ ಹಾಗೇ ಇತ್ತು, ತೊಳೆದಿರ್ಲಿಲ್ಲ. ವಕೀಲರು ತೊಳೀಲೇಬೇಡಿ ಅಂದ್ರು. ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ದೋಷ ಕಣ್ಣಿಗೆ ಕಾಣೋ ಥರ ಇಲ್ದಿದ್ರೆ ಆಯೋಗ ವಸ್ತುವನ್ನ ಸೀಲ್ ಮಾಡಿ ಲ್ಯಾಬಿಗೆ ಕಳಿಸುತ್ತೆ, ಲ್ಯಾಬಿನವರು 45 ದಿನದಲ್ಲಿ ವರದಿ ಕೊಡ್ಬೇಕು, ಅದರ ಫೀಸು ದೂರು ಕೊಟ್ಟವರೇ ಕಟ್ಟಬೇಕು. ವಸ್ತುವೇ ಇಲ್ಲ ಅಂದ್ರೆ ಕಳಿಸೋದೇನು?

ಕಂಪನಿಯವರೂ ಅದನ್ನೇ ಕೇಳಿದ್ರು. ಕಸ್ಟಮರ್ ಕೇರಿಗೆ ಅಣ್ಣ ಫೋನ್ ಮಾಡಿದಾಗ ತುಂಬಾ ಮರ್ಯಾದೆಯಿಂದ ಮಾತಾಡಿ, ‘ಹೊಸ ಕುಕ್ಕರ್ ಕಳಿಸ್ತೀವಿ ಸಾರ್, ಹಳೇದನ್ನ ನಮ್ಮ ಹುಡುಗನ ಕೈಲಿ ಕೊಡಿ, ಫ್ಯಾಕ್ಟರೀಲಿ ಚೆಕ್ ಮಾಡ್ತೀವಿ’ ಅಂದ್ರು. ಕೊಟ್ಟುಬಿಟ್ಟಿದ್ರೆ ಅಲ್ಲಿಗೇ ಮುಗೀತು. ಈ ಕಾನೂನಲ್ಲಿ ‘ಹಾನಿ’ ಅಂದ್ರೆ ಏನು ಅಂತ ಬಿಡಿಸಿ ಬರೆದಿದಾರೆ: ಗಾಯ, ಕಾಯಿಲೆ, ಸಾವು, ಅದರ ಜೊತೆ ಬರೋ ಮಾನಸಿಕ ನೋವು, ಬೇರೆ ಆಸ್ತಿಗೆ ಆದ ನಷ್ಟ. ಆ ವಸ್ತುವಿಗೇ ಆದ ನಷ್ಟ ಅದರಲ್ಲಿ ಸೇರಲ್ಲ. ಅಂದ್ರೆ ಹೊಸ ಕುಕ್ಕರ್ ಅನ್ನೋದು ಅತ್ತಿಗೆ ಕತ್ತಿನ ಮೇಲಿರೋ ಗಾಯಕ್ಕೆ ಸಂಬಂಧಪಟ್ಟಿದ್ದೇ ಅಲ್ಲ.

ಬಿಲ್ಲು ಇರ್ಲಿಲ್ಲ. ಮದುವೇಲಿ ಮುಯ್ಯಿ ಬಂದಿದ್ದ ಕುಕ್ಕರ್ ಅದು, ಅತ್ತಿಗೆ ಸೋದರಮಾವ ಕೊಟ್ಟಿದ್ದು. ದುಡ್ಡು ಕೊಟ್ಟು ತಗೊಂಡಿರೋದು ಅವಳಲ್ಲ, ದೂರು ಹೇಗೆ ಕೊಡೋದು ಅಂತ ಅಣ್ಣ ಕೇಳಿದ. ಈ ಪ್ರಶ್ನೆ ತುಂಬಾ ಹಳೇದು. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಊರಲ್ಲಿ ಮೇ ಡಾನಹ್ಯೂ ಅನ್ನೋ ಹೆಂಗಸು ಕುಡಿದ ಜಿಂಜರ್ ಬಿಯರ್ ಬಾಟಲಿಯಲ್ಲಿ ಬಸವನಹುಳ ಇತ್ತು ಅಂತ ಕೇಸು ಹಾಕಿದ್ಲು. ಬಾಟಲಿ ಕೊಂಡಿದ್ದು ಅವಳ ಸ್ನೇಹಿತೆ, ದುಡ್ಡು ಕೊಡದ ಅವಳಿಗೂ ಕಂಪನಿಗೂ ಏನು ಸಂಬಂಧ ಅಂತ ವಾದ ನಡೆದು, 1932ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಸಂಬಂಧ ಇದೆ ಅಂತ ಹೇಳಿತು. ನಮ್ಮ ಕಾಯ್ದೇಲಿ ಇದು ನೇರವಾಗೇ ಇದೆ, ಕೊಂಡವರ ಒಪ್ಪಿಗೆಯಿಂದ ಬಳಸೋರೂ ಗ್ರಾಹಕರೇ. ಇದನ್ನ ಓದ್ದಾಗ ನನಗೆ ಮನೆಗೆಲಸಕ್ಕೆ ಬರೋರು ನೆನಪಾದ್ರು. ಬೆಂಗಳೂರಲ್ಲಿ ಎಷ್ಟು ಮನೇಲಿ ಕುಕ್ಕರ್ ಇಡೋದು ಅವರೇ ಅಲ್ವಾ, ಮನೆಯೊಡತಿ ಒಪ್ಪಿಗೆಯಿಂದಾನೇ ಬಳಸೋದು. ಅವರ ಕೈ ಸುಟ್ರೆ ಒಂದು ವಾರ ರಜೆ, ಒಂದಷ್ಟು ದುಡ್ಡು, ಅಲ್ಲಿಗೆ ಮುಗೀತು ಅಂದ್ಕೊಳ್ತೀವಿ. ಕಾಯ್ದೆಯ ಮಾತಿನ ಪ್ರಕಾರ ಅವರೂ ದೂರು ಕೊಡೋಕೆ ಬರುತ್ತೆ ಅನ್ನೋದು ನನ್ನ ತಿಳುವಳಿಕೆ.

ಬಿಲ್ಲಿನ ಬದಲು ಅಟ್ಟದ ಮೇಲಿದ್ದ ಡಬ್ಬ ಸಿಕ್ತು. ಅದರಲ್ಲಿ ಅಂಗಡಿ ಸೀಲ್ ಬಿದ್ದಿರೋ ವಾರಂಟಿ ಕಾರ್ಡ್ ಇತ್ತು. ದಯವಿಟ್ಟು ಡಬ್ಬ ಬಿಸಾಕಬೇಡಿ.

ಆಯೋಗದಲ್ಲಿ

ದುಡ್ಡಿನ ಭಯದಿಂದ ಹಿಂದೆ ಸರಿಯೋರಿಗೆ ಒಂದು ವಿಷಯ ಹೇಳ್ತೀನಿ. ಹೊಸ ಕಾಯ್ದೇಲಿ ಯಾವ ಆಯೋಗಕ್ಕೆ ಹೋಗ್ಬೇಕು ಅನ್ನೋದು ನಾವು ಕೇಳೋ ಪರಿಹಾರದ ಮೇಲೆ ನಿಂತಿಲ್ಲ, ವಸ್ತುವಿಗೆ ಕೊಟ್ಟ ಬೆಲೆ ಮೇಲೆ ನಿಂತಿದೆ. 50 ಲಕ್ಷದವರೆಗಿನ ವಸ್ತು ಆದ್ರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಫೀಸೇ ಇಲ್ಲ. ಎರಡು ಸಾವಿರದ ಕುಕ್ಕರಿಂದ ಆದ ಗಾಯಕ್ಕೆ ಎಷ್ಟೇ ಲಕ್ಷ ಕೇಳಿದ್ರೂ ನಿಮ್ಮ ಜಿಲ್ಲೇಲೇ, ಫೀಸಿಲ್ಲದೆ. ಕಂಪನಿ ಮುಂಬೈಯಲ್ಲಿದ್ರೂ ಸರಿ, ನೀವಿರೋ ಕಡೆ ದೂರು ಕೊಡಬಹುದು. ಬೆಲೆ ನೋಡಿ ಆಯೋಗ ಗೊತ್ತುಮಾಡೋ ಈ ನಿಯಮ ಸರಿ ಇದೆ ಅಂತ 2025ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಕಂಪನಿಯ ತಕರಾರು ಬಂತು. ಗ್ಯಾಸ್ಕೆಟ್ ನಮ್ಮದಲ್ಲ, ಖರೀದಿಗೆ ದಾಖಲೆ ಇಲ್ಲ ಅನ್ನೋದು ಒಂದೊಂದು ಸಾಲಲ್ಲಿ ಮುಗಿದಿತ್ತು. ಮಿಕ್ಕ ಪುಟಗಳೆಲ್ಲ ಆ ಹೆಬ್ಬೆಟ್ಟಿನ ಹೇಳಿಕೆ ಮೇಲೆ. ‘ಪಿರ್ಯಾದುದಾರರೇ ತಮ್ಮ ಅಜಾಗರೂಕತೆಯನ್ನು ಒಪ್ಪಿಕೊಂಡಿರುತ್ತಾರೆ’ ಅಂತ ಅವರ ವಕೀಲರು ಎದ್ದು ನಿಂತು ಓದಿದ್ರು. ಅತ್ತಿಗೆ ನನ್ನ ಪಕ್ಕದಲ್ಲೇ ಕೂತಿದ್ಲು, ಸೆರಗು ಕತ್ತಿಗೆ ಸುತ್ಕೊಂಡು. ‘ಅದು ನಾನು ಹೇಳಿದ್ದಲ್ಲ’ ಅಂತ ಜೋರಾಗೇ ಅಂದ್ಲು. ಸದಸ್ಯರೊಬ್ಬರು ತಲೆ ಎತ್ತಿ ನೋಡಿದ್ರು. ನಮ್ಮ ವಕೀಲರು ಅವಳ ಕೈ ಅದುಮಿ ಎದ್ದು ಮಾತಾಡಿದ್ರು: ಆ ಹಾಳೆ ಬರೆದಾಗ ಈಕೆಗೆ ನೋವಿನ ಇಂಜೆಕ್ಷನ್ ಕೊಟ್ಟಿತ್ತು, ಡಿಸ್ಚಾರ್ಜ್ ಸಮ್ಮರಿ ನೋಡಿ. ಅದೂ ಅಲ್ದೆ, ಲೋಹ ಯಾಕೆ ಕರಗಲಿಲ್ಲ ಅನ್ನೋದಕ್ಕೆ ಹೆಂಗಸಿನ ಹೇಳಿಕೆ ಉತ್ತರ ಆಗಲ್ಲ, ಲ್ಯಾಬಿಗೆ ಕಳಿಸಿ. ಅವರು ಹುಂಡೈ ಕೇಸನ್ನೂ ಹೇಳಿದ್ರು. 2017ರ ಅಪಘಾತದಲ್ಲಿ ಕ್ರೆಟಾ ಕಾರಿನ ಏರ್‌ಬ್ಯಾಗ್ ಬಿಚ್ಕೊಳ್ಳದೆ ಗಾಯ ಆಗಿದ್ದಕ್ಕೆ 2022ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಎತ್ತಿಹಿಡಿದಿದ್ದು. ವೇಗ, ಬಲ ಅಂತ ಲೆಕ್ಕ ಹಾಕೋಕೆ ಗ್ರಾಹಕ ಭೌತಶಾಸ್ತ್ರದ ಪಂಡಿತ ಆಗಿರ್ಬೇಕಿಲ್ಲ ಅಂತ ಅದರಲ್ಲಿ ಇದೆ.

ಲ್ಯಾಬಿಗೆ ಹೋಗೋ ಮೊದಲೇ ಕಂಪನಿ ರಾಜಿಗೆ ಬಂತು. ಆಸ್ಪತ್ರೆ ಖರ್ಚು ಮತ್ತೆ ಸ್ವಲ್ಪ ಮೇಲೆ. ಅತ್ತಿಗೆ ಒಪ್ಕೊಂಡ್ಲು. ವಾಯಿದೆಗೆ ಬಂದಾಗೆಲ್ಲ ಜನ ಮುಖ ನೋಡೋದು ಸಾಕಾಗಿತ್ತು ಅವಳಿಗೆ, ಅದನ್ನ ತಪ್ಪು ಅನ್ನೋ ಹಕ್ಕು ನನಗಿಲ್ಲ. ಕಂಪನಿ ಹೆಸರು ಎಲ್ಲೂ ಹೇಳ್ಬಾರ್ದು ಅಂತ ರಾಜಿ ಪತ್ರದಲ್ಲಿದೆ, ಅದಕ್ಕೇ ಇಲ್ಲೂ ಬರೆದಿಲ್ಲ. ಆದ್ರೆ ನನ್ನನ್ನ ಈಗಲೂ ಕೊರೆಯೋದು ಬೇರೆ. ಆ ವಾಲ್ವ್ ಯಾಕೆ ಕರಗಲಿಲ್ಲ ಅನ್ನೋದು ಯಾರಿಗೂ ಗೊತ್ತಾಗ್ಲೇ ಇಲ್ಲ. ಅದೇ ತಿಂಗಳು, ಅದೇ ಫ್ಯಾಕ್ಟರೀಲಿ ತಯಾರಾದ ಮಿಕ್ಕ ಕುಕ್ಕರ್‌ಗಳು ಯಾವ್ಯಾವ ಮನೇಲಿವೆಯೋ.

ಒಂದು ಮನೆಯ ಪರಿಹಾರಕ್ಕೂ ಎಲ್ಲರ ರಕ್ಷಣೆಗೂ ನಡುವೆ ಇರೋ ಈ ಕಂದಕ ತುಂಬೋಕೆ ಅಂತಾನೇ 2020ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾಡಿರೋದು, ಅಪಾಯದ ವಸ್ತು ವಾಪಸ್ ತರಿಸೋ ಅಧಿಕಾರ ಅದಕ್ಕಿದೆ. ಕುಕ್ಕರಿಗೆ ಐಎಸ್ 2347 ಗುಣಮಟ್ಟ (ಐಎಸ್‌ಐ ಮಾರ್ಕ್ ಹೇಳೋದು ಇದನ್ನೇ) 2021ರ ಫೆಬ್ರವರಿ 1ರಿಂದ ಕಡ್ಡಾಯ. ಅದಿಲ್ಲದ 2,265 ಕುಕ್ಕರ್ ತನ್ನ ಆನ್‌ಲೈನ್ ಅಂಗಡೀಲಿ ಮಾರಾಟವಾಗಿದ್ದಕ್ಕೆ ಅಮೆಜಾನ್‌ಗೆ 2022ರ ಆಗಸ್ಟಲ್ಲಿ ಒಂದು ಲಕ್ಷ ದಂಡ ಹಾಕಿ, ಕೊಂಡವರಿಗೆಲ್ಲ ತಿಳಿಸಿ ವಾಪಸ್ ತಗೊಂಡು ದುಡ್ಡು ಕೊಡಿ ಅಂತ ಪ್ರಾಧಿಕಾರ ಆದೇಶ ಮಾಡಿತು. ಅಮೆಜಾನ್ ದೆಹಲಿ ಹೈಕೋರ್ಟಿಗೆ ಹೋಯ್ತು. ದಂಡ ಸಣ್ಣದು, ನಿಜ. ಆದ್ರೆ ಆ ಆದೇಶ ಆಗಿದ್ದು ಯಾರದೋ ಮುಖ ಸುಟ್ಟ ಮೇಲೆ ಮನೆಯೊಂದು ಓಡಾಡಿದ್ದಕ್ಕಲ್ಲ, ಮಾರ್ಕ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ, ಅದು ನನಗೆ ದೊಡ್ಡದಾಗಿ ಕಾಣುತ್ತೆ. ನಮ್ಮ ಕುಕ್ಕರಲ್ಲಿ ಮಾರ್ಕ್ ಇತ್ತು. ಮಾರ್ಕ್ ಇದ್ದೂ ಸಿಡಿದಿದ್ದು ಎಷ್ಟಿವೆ ಅಂತ ಲೆಕ್ಕ ಸಿಗ್ಬೇಕಾದ್ರೆ ಠಾಣೆಯ ಹಾಳೇಲಿ, ಆಸ್ಪತ್ರೆಯ ರಿಜಿಸ್ಟರಲ್ಲಿ ಕಂಪನಿ ಹೆಸರು, ಲೈಸೆನ್ಸ್ ನಂಬರ್ ಬರೆಯೋ ಒಂದು ಸಾಲು ಇರ್ಬೇಕು. ಆ ಸಂಜೆ ಹೆಡ್ ಕಾನ್ಸ್‌ಟೇಬಲ್ ಎಷ್ಟೊಂದು ಕೇಳಿದ್ರು, ಮುಯ್ಯಿ ಯಾರು ಕೊಟ್ಟಿದ್ದು ಅಂತಲೂ ಕೇಳಿದ್ರು, ಇದನ್ನೂ ಕೇಳ್ತಿದ್ರು ಹಾಳೇಲಿ ಜಾಗ ಇದ್ದಿದ್ರೆ.

ಅಲ್ಲಿವರೆಗೂ ಮನೆಯವರೇ ಹುಷಾರಾಗಿರ್ಬೇಕು. ಹೇಳಿಕೆ ಗಾಯ ಆದವರೇ ಕೊಡ್ಲಿ, ಮಾತಾಡೋಕಾಗದಿದ್ರೆ ಆದ ಮೇಲೆ ಬನ್ನಿ ಅಂತ ಕೇಳ್ಕೊಳ್ಳಿ. ಆಗಿದ್ದು ಆದ ಹಾಗೆ ಹೇಳಿದ್ರೆ ಸಾಕು: ಎಷ್ಟು ವಿಷಲ್ ಆಗಿತ್ತು, ಎಲ್ಲಿ ನಿಂತಿದ್ರು, ಮುಚ್ಚಳ ತೆಗೆಯೋಕೆ ಹೋಗಿದ್ರಾ ಇಲ್ವಾ. ಮನೆಯವರ ಮೇಲೆ ಅನುಮಾನ ಇಲ್ಲ ಅಂತ ನಿಜವಾಗ್ಲೂ ಇದ್ರೆ ಅದನ್ನ ಬೇರೆ ವಾಕ್ಯದಲ್ಲಿ ಹೇಳಬಹುದು, ಅದಕ್ಕೋಸ್ಕರ ‘ನನ್ನ ಅಜಾಗರೂಕತೆ’ ಅಂತ ಬರೆಸೋ ಅಗತ್ಯ ಇಲ್ಲ. ಡಾಕ್ಟರ ಚೀಟೀಲೂ ‘ಕುಕ್ಕರ್ ಸಿಡಿದು’ ಅಂತ ಬರೆಸಿ. ಅಡುಗೆಮನೆ ಒರೆಸೋಕೆ ಮುಂಚೆ ಫೋನಲ್ಲಿ ಫೋಟೋ ತೆಗೀರಿ, ಪಾತ್ರೆ, ಮುಚ್ಚಳ, ವಿಷಲ್, ಗ್ಯಾಸ್ಕೆಟ್ ಎಲ್ಲಾ ಒಂದೇ ಚೀಲದಲ್ಲಿ ಕಟ್ಟಿಡಿ. ಯಾರು ಹೊಸದು ಕೊಡ್ತೀನಿ ಅಂದ್ರೂ ಹಳೇದು ಕೊಡಬೇಡಿ. ಈಗಾಗ್ಲೇ ಇಂಥದ್ದು ಆಗಿ ಸುಮ್ನಿದ್ದೀರ ಅಂದ್ರೆ, ದೂರು ಕೊಡೋಕೆ ಎರಡು ವರ್ಷ ಟೈಮ್ ಇರುತ್ತೆ, ಅದು ಮೀರಿದ್ರೂ ತಕ್ಕ ಕಾರಣ ಇದ್ರೆ ಆಯೋಗ ವಿಳಂಬ ಮನ್ನಿಸಬಹುದು. ಮೊದಲು ವಿಚಾರಿಸೋಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ನಂಬರ್ 1915.